ಗೋಡೆಗೆ ಒಂದು ಗೀರೂ ಬಿದ್ದಿಲ್ಲ, ಎಫ್‌ಐಆರ್‌ನಲ್ಲಿ ಮಾತ್ರ ‘ಕನ್ನ ಕಳವು’: ಏನಿದರ ಅರ್ಥ?

ಸುಮಾ_ಬೆಂಗಳೂರು
ಎಲ್ಲರಿಗೂ ನಮಸ್ಕಾರ. ಕಾನೂನು ಗೊತ್ತಿರುವವರು, ಹಳೇ ಕನ್ನಡ ಗೊತ್ತಿರುವವರು ಇಬ್ಬರೂ ಸ್ವಲ್ಪ ಬನ್ನಿ.

ಹೋದ ತಿಂಗಳು ಮದುವೆಗೆ ಅಂತ ದಾವಣಗೆರೆಗೆ ಹೋಗಿದ್ದೆವು. ವಾಪಸ್ ಬಂದಾಗ ಬೀಗ ಹಾಕಿದ ಹಾಗೇ ಇತ್ತು. ಕೈಕಾಲು ತೊಳೆದು ಕಾಫಿಗೆ ಹಾಲು ಕಾಯಿಸಿದ್ದೂ ಆಯ್ತು. ಆಮೇಲೆ ಬೀರು ತೆಗೆದರೆ ಒಳಗಿನ ಲಾಕರ್ ಬಾಗಿಲು ಸೊಟ್ಟಗಾಗಿ ನೇತಾಡುತ್ತಿದೆ. ಎರಡೆಳೆ ಸರ, ಬಳೆ, ಮಗಳ ಓಲೆ ಎಲ್ಲಾ ಮಾಯ.

ಕೆಲಸದವರಿಗೆ ಬೇಕಾಗುತ್ತೆ ಅಂತ ಒಂದು ಕೀ ಹೊರಗೆ ಚಪ್ಪಲಿ ಸ್ಟ್ಯಾಂಡಿನಲ್ಲಿ, ನಮ್ಮವರ ಹಳೇ ಶೂ ಒಳಗೆ ಇರುತ್ತೆ. ಕಳ್ಳ ಅದರಲ್ಲೇ ಬಾಗಿಲು ತೆಗೆದಿದ್ದಾನೆ. ಹೋಗುವಾಗ ಬೀಗ ಹಾಕಿ, ಕೀಯನ್ನು ಅದೇ ಶೂ ಒಳಗೆ ವಾಪಸ್ ಇಟ್ಟಿದ್ದಾನೆ. ಮೊದಲು ಕಾಲುಚೀಲದ ಕೆಳಗಿತ್ತು, ಈಗ ಮೇಲಿತ್ತು. ಅಷ್ಟೇ ವ್ಯತ್ಯಾಸ. ಎದುರುಮನೆ ಕ್ಯಾಮೆರಾದಲ್ಲಿ ಬೆಳಿಗ್ಗೆ ಹನ್ನೊಂದೂವರೆಗೆ ಟೋಪಿ ಹಾಕಿಕೊಂಡು ಒಬ್ಬ ಬಂದಿರುವುದು ಕಾಣುತ್ತೆ, ಮುಖ ಕಾಣಲ್ಲ.

ಠಾಣೆಯಲ್ಲಿ ಎಫ್‌ಐಆರ್ ಕೊಟ್ಟರು. ‘ಹಗಲು ಕನ್ನ ಕಳವು, ಕಲಂ 331(3), 305 ಬಿಎನ್‌ಎಸ್’ ಅಂತಿದೆ. ಬಿಎನ್‌ಎಸ್ ಅಂದರೆ ಹೊಸ ಭಾರತೀಯ ನ್ಯಾಯ ಸಂಹಿತೆಯಂತೆ. ಮನೆ ಇನ್ಶೂರೆನ್ಸ್ ಕಂಪನಿಯವರು ಮಾತ್ರ ‘ಬಲವಂತದ ಪ್ರವೇಶ ಇಲ್ಲ, ಹಾಗಾಗಿ ಕ್ಲೇಮ್ ಇಲ್ಲ’ ಅಂತ ಪತ್ರ ಕಳಿಸಿದ್ದಾರೆ. ಕನ್ನ ಅಂದರೆ ಗೋಡೆ ಕೊರೆಯೋದಲ್ವಾ? ಕೊರೆಯದೇ ಇದ್ದರೂ ಪೊಲೀಸರು ಹಾಗೆ ಬರೆದಿದ್ದು ಸರಿಯಾ? ಸರಿ ಅಂದರೆ ಕಂಪನಿಯವರು ಇಲ್ಲ ಅನ್ನುವುದು ಹೇಗೆ?

ಹುಳಿಯಾರಿನ_ಹುಡುಗ
ಕೀ ವಾಪಸ್ ಇಟ್ಟು ಹೋದನಾ? ಇಷ್ಟು ಶಿಸ್ತು ನನ್ನ ರೂಂಮೇಟ್‌ಗೂ ಇಲ್ಲ.

ನಿಘಂಟು_ನಾಗಣ್ಣ
ಮೊದಲು ಪದದ ವಿಷಯ. ಕನ್ನ ಅಂದರೆ ಮೂಲದಲ್ಲಿ ಕಳ್ಳ ಮನೆಗೋಡೆಗೆ ಕೊರೆದ ತೂತು. ಹಾಗಾಗಿ ‘ಕನ್ನ ಕೊರೆದ’ ಅಂತಲೂ ಅನ್ನುತ್ತೇವೆ, ‘ಕನ್ನ ಹಾಕಿದ’ ಅಂತಲೂ ಅನ್ನುತ್ತೇವೆ. ತಮಿಳಿನಲ್ಲೂ ಕನ್ನಂ ಇದೆ, ಕೊರೆಯುವ ಸಲಕರಣೆಗೆ ಅವರು ಕನ್ನಕ್ಕೋಲ್ ಅಂತಾರೆ. ತೆಲುಗಿನಲ್ಲಿ ಕನ್ನಂ ಅಂದರೆ ಯಾವ ತೂತಾದರೂ ಆಗಬಹುದು, ಕಳ್ಳನದ್ದೇ ಆಗಬೇಕಿಲ್ಲ.

ಹನ್ನೆರಡನೇ ಶತಮಾನದ ಶರಣರಲ್ಲಿ ಕನ್ನದ ಮಾರಿತಂದೆ ಅಂತಲೇ ಒಬ್ಬರಿದ್ದಾರೆ. ಮೊದಲು ಕನ್ನ ಹಾಕುವ ಕೆಲಸ ಮಾಡುತ್ತಿದ್ದರು, ಆಮೇಲೆ ಶರಣರಾದರು ಅಂತ ಪ್ರತೀತಿ. ಹೆಸರಿನ ಹಿಂದೆ ಹಳೇ ಕಸುಬು ಹಾಗೇ ಉಳಿಯಿತು.

ಶ್ರೀವತ್ಸ_ಕೆ
ಕನ್ನ ಬಂದಿದ್ದು ಸಂಸ್ಕೃತದ ಕರ್ಣದಿಂದ. ಕರ್ಣ, ಕಣ್ಣ, ಕನ್ನ. ಕಿವಿ ಅಂದರೂ ತೂತೇ ತಾನೇ.

ನಿಘಂಟು_ನಾಗಣ್ಣ
ಶ್ರೀವತ್ಸ ಅವರೇ, ಗೋಡೆ ತೂತಿಗೆ ಸಂಸ್ಕೃತದವರು ಬಳಸಿದ್ದು ‘ಸಂಧಿ’. ಮನುಸ್ಮೃತಿ ಒಂಬತ್ತನೇ ಅಧ್ಯಾಯದಲ್ಲಿ ರಾತ್ರಿ ಸಂಧಿ ಕತ್ತರಿಸಿ ಕದಿಯುವವರ ಶಿಕ್ಷೆ ಇದೆ: ಎರಡೂ ಕೈ ಕಡಿದು ಶೂಲಕ್ಕೆ ಹಾಕುವುದು. ಅಲ್ಲಿ ಕರ್ಣ ಎಲ್ಲೂ ಬರಲ್ಲ. ತಮಿಳು, ತೆಲುಗು, ಕನ್ನಡ ಮೂರರಲ್ಲೂ ಹೆಚ್ಚುಕಡಿಮೆ ಒಂದೇ ಅರ್ಥದಲ್ಲಿ ನಿಂತಿರುವ ಪದಕ್ಕೆ ಕಿವಿ ಹಿಡಿದು ಎಳೆಯುವುದು ಬೇಡ.

ಶ್ರೀವತ್ಸ_ಕೆ
ಮೂರೂ ಭಾಷೆ ಪ್ರಾಕೃತದಿಂದ ತಗೊಂಡಿರಬಹುದಲ್ವಾ? ಎಲ್ಲದಕ್ಕೂ ದ್ರಾವಿಡ ಅನ್ನುವುದು ಈಗ ಫ್ಯಾಷನ್.

ಹುಳಿಯಾರಿನ_ಹುಡುಗ
ಅಕ್ಕನ ಬಳೆ ಹೋಗಿದೆ, ಇವರು ಕಿವಿ ಹುಡುಕುತ್ತಿದ್ದಾರೆ.

ಕೋರ್ಟ್_ಹಾಲ್_7
ಮೇಡಂ, ನಾನು ಕ್ರಿಮಿನಲ್ ಸೈಡ್ ಪ್ರಾಕ್ಟೀಸ್ ಮಾಡುವವನು. ಪೊಲೀಸರು ಬರೆದಿದ್ದು ಸರಿ.

ಕನ್ನ ಕಳವು ಅನ್ನುವುದು ಠಾಣೆಯ ರೂಢಿಯ ಮಾತು. ಇಲಾಖೆಯವರು ‘ಎಚ್‌ಬಿಟಿ’ ಅಂತಾರೆ, ಹೌಸ್ ಬ್ರೇಕಿಂಗ್ ಅಂಡ್ ಥೆಫ್ಟ್. ಅದಕ್ಕೆ ಕನ್ನಡದಲ್ಲಿ ಸಿಕ್ಕ ಹಳೇ ಪದ ಕನ್ನ. ಕಾನೂನಿನಲ್ಲಿ ನೋಡಬೇಕಾದ್ದು ಹೌಸ್ ಬ್ರೇಕಿಂಗ್ ಅಂದರೆ ಏನು ಅಂತ. ಹಳೇ ಐಪಿಸಿಯ, ಅಂದರೆ ಭಾರತೀಯ ದಂಡ ಸಂಹಿತೆಯ 445ನೇ ಕಲಂ ಅದಕ್ಕೆ ಆರು ದಾರಿ ಹೇಳಿತ್ತು. ಈಗ ಅದು ಬಿಎನ್‌ಎಸ್ 330ಕ್ಕೆ ಬಂದಿದೆ. ತಾನೇ ದಾರಿ ಕೊರೆದು ಬರುವುದು ಒಂದು. ಮನುಷ್ಯರು ಓಡಾಡಲು ಮಾಡಿರದ ಜಾಗದಿಂದ ನುಸುಳುವುದು, ಅಥವಾ ಗೋಡೆ ಹತ್ತಿ ಬರುವುದು ಇನ್ನೊಂದು. ಮನೆಯವರು ಊಹಿಸದ ರೀತಿಯಲ್ಲಿ ಬಾಗಿಲು ತೆಗೆಯುವುದು, ಚಿಲಕ ಹಾಕಿದೆ ಅಂತ ಗೊತ್ತಿದ್ದೂ ಚಿಲಕ ಸರಿಸುವುದು, ಬಾಗಿಲಲ್ಲಿರುವವರನ್ನು ಹೊಡೆದೋ ಹೆದರಿಸಿಯೋ ನುಗ್ಗುವುದು, ಇವೂ ಸೇರುತ್ತವೆ. ನಿಮಗೆ ಬೇಕಾದ್ದು ನಾಲ್ಕನೆಯದು: ಯಾವುದೇ ಬೀಗ ತೆಗೆದು ಒಳಗೆ ಬರುವುದು. ಬೀಗ ಒಡೆಯಬೇಕು ಅಂತ ಎಲ್ಲೂ ಇಲ್ಲ.

ಆ ಕಲಂ ಕೆಳಗೆ ಉದಾಹರಣೆಗಳಿವೆ, ಓದಿದರೆ ಮಜಾ ಬರುತ್ತೆ. ಗೋಡೆಗೆ ತೂತು ಮಾಡಿ ಬರೀ ಕೈ ಒಳಗೆ ಹಾಕಿದವನು. ಹಡಗಿನ ಕಿಂಡಿಯಲ್ಲಿ ತೆವಳಿ ಒಳಗೆ ಹೋದವನು. ಬಾಗಿಲ ತೂತಿನಲ್ಲಿ ತಂತಿ ಹಾಕಿ ಅಗಳಿ ಎತ್ತಿದವನು. ಇನ್ನೊಬ್ಬನಿಗೆ ಮನೆಯವರು ಕಳೆದುಕೊಂಡ ಕೀ ಸಿಗುತ್ತೆ, ಅದೇ ಕೀಯಲ್ಲಿ ಬಾಗಿಲು ತೆಗೆದು ಒಳಗೆ ಹೋಗುತ್ತಾನೆ. ಅದೂ ಹೌಸ್ ಬ್ರೇಕಿಂಗೇ! 1860ರಲ್ಲೇ ಬರೆದಿಟ್ಟಿದ್ದಾರೆ. ನಿಮ್ಮ ಶೂ ಒಳಗಿನ ಕೀ ಇದಕ್ಕಿಂತ ಬೇರೆ ಅಲ್ಲ.

331(3) ಅಂದರೆ ಅಪರಾಧ ಮಾಡುವ ಉದ್ದೇಶದಿಂದ ಹೀಗೆ ನುಗ್ಗುವುದು. ಉದ್ದೇಶ ಕಳವಾದರೆ 10 ವರ್ಷದವರೆಗೂ ಶಿಕ್ಷೆ. 305 ವಾಸದ ಮನೆಯಲ್ಲಿ ಕಳವು, 7 ವರ್ಷದವರೆಗೆ.

ಗೀತಾ_ಶಿರಸಿ
ಹಾಗಾದರೆ ಬಾಗಿಲು ಪೂರ್ತಿ ತೆರೆದಿದ್ದು, ಕಳ್ಳ ಸುಮ್ನೆ ನಡೆದು ಬಂದು ಕದ್ದರೆ?

ಕೋರ್ಟ್_ಹಾಲ್_7
ಆಗ ಬ್ರೇಕಿಂಗ್ ಇಲ್ಲ. ಗೃಹ ಅತಿಕ್ರಮ ಪ್ರವೇಶ ಮತ್ತು ಕಳವು. ಆದರೆ ಹಾಗೆ ನಡೆದು ಬಂದು ಕದ್ದವನು ಹೊರಗೆ ಹೋಗುವಾಗ ಹಿತ್ತಿಲ ಬಾಗಿಲ ಬೀಗ ತೆಗೆದು ಹೋದನೋ, ಮತ್ತೆ ಬ್ರೇಕಿಂಗ್ ಆಯ್ತು. ಬರುವಾಗಲೇ ಆಗಬೇಕು ಅಂತಿಲ್ಲ, ಹೋಗುವಾಗ ಆದರೂ ಸಾಕು.

ಬಸಣ್ಣ_ಗದಗ
ಗೃಹ ಅತಿಕ್ರಮ ಪ್ರವೇಶ! ಕಳ್ಳನಿಗೂ ಗೃಹಪ್ರವೇಶ ಮಾಡಿಸಿಬಿಟ್ಟರು. ಹೋಳಿಗೆ ಊಟ ಒಂದು ಬಾಕಿ.

ಲೆಸ್ಟರ್_ಕನ್ನಡಿಗ
ಇಲ್ಲಿ ಇಂಗ್ಲೆಂಡಿನಲ್ಲಿ ಇದಕ್ಕೆ ಬರ್ಗ್ಲರಿ ಅಂತಾರೆ. ಬರ್ಗ್ ಅಂದರೆ ಮನೆ, ಲಾರೋನ್ ಅಂದರೆ ಹಳೇ ಫ್ರೆಂಚಿನಲ್ಲಿ ಕಳ್ಳ. ಎರಡೂ ಸೇರಿ ಬರ್ಗ್ಲರ್. ಸರಳ. ನಮ್ಮ ಐಪಿಸಿ ಬರೆದವರು ಇದನ್ನೇ ಅನುವಾದ ಮಾಡಿದ್ದು.

ಇತಿಹಾಸದ_ಮೇಷ್ಟ್ರು
ಲೆಸ್ಟರ್ ಸರ್, ಎರಡೂ ವಿಷಯ ಸ್ವಲ್ಪ ಬೇರೆ.

ಬರ್ಗ್ ಮತ್ತು ಲಾರೋನ್ ಕೂಡಿಸುವುದು ಹಳೇ ವಕೀಲರ ಊಹೆ. ಮಧ್ಯಯುಗದ ಲ್ಯಾಟಿನ್ ದಾಖಲೆಗಳಲ್ಲಿ ಬರ್ಗೇಟರ್ ಅನ್ನುವ ರೂಪವೂ ಇದೆ, ಬರ್ಗ್ಲೇಟರ್ ಅನ್ನುವುದೂ ಇದೆ. ಕಳ್ಳ ಅನ್ನುವ ಅರ್ಥದ ಲ್ಯಾಟಿನ್ ಲಾಟ್ರೊ ಪದದ ಪ್ರಭಾವದಿಂದ ನಡುವೆ ‘ಲ’ ಸೇರಿಕೊಂಡಿರಬೇಕು ಅಂತ ಪದ ಶೋಧಿಸುವವರು ಹೇಳುತ್ತಾರೆ. ಬರ್ಗ್ ಅಂದರೆ ಬರೀ ಮನೆಯಲ್ಲ, ಕೋಟೆ ಕಟ್ಟಿದ ಊರು, ಭದ್ರವಾದ ಜಾಗ. ಈ ಫ್ರೆಂಚ್ ಬಗೆಯ ಪದಕ್ಕಿಂತ ಮುಂಚೆ ಇಂಗ್ಲಿಷರ ಸ್ವಂತ ಪದಗಳಿದ್ದವು. ಹಾಮ್‌ಸೋಕ್ನ್ ಅಂದರೆ ಒಬ್ಬನ ಮನೆಗೇ ಹೋಗಿ ಅವನ ಮೇಲೆ ಬೀಳುವುದು. ಹೂಸ್‌ಬ್ರಿಚೆ ಅಂದರೆ ನೇರವಾಗಿ ಮನೆ ಒಡೆಯುವುದು. ಹನ್ನೊಂದನೇ ಶತಮಾನದ ಕ್ನೂಟ್ ರಾಜನ ಕಟ್ಟಳೆಯಲ್ಲಿ ಹೂಸ್‌ಬ್ರಿಚೆ ದುಡ್ಡು ಕೊಟ್ಟು ಪರಿಹಾರ ಮಾಡಿಕೊಳ್ಳಲಾಗದ ಅಪರಾಧ. ಹಾಮ್‌ಸೋಕ್ನ್ ಸ್ಕಾಟ್ಲೆಂಡಿನ ಕಾನೂನಿನಲ್ಲಿ ಹೇಮ್‌ಸಕನ್ ಅಂತ ಬಹಳ ಕಾಲ ಉಳಿಯಿತು.

ಎರಡನೆಯದು ಐಪಿಸಿ. ಮೆಕಾಲೆಯ ಆಯೋಗ 1837ರಲ್ಲಿ ಕರಡು ಮಾಡಿತು, 1860ರಲ್ಲಿ ಕಾಯಿದೆ ಆಯಿತು, 1862ರಲ್ಲಿ ಜಾರಿಗೆ ಬಂತು. ಅದರಲ್ಲಿ ಬರ್ಗ್ಲರಿ ಅನ್ನುವ ಪದವೇ ಇಲ್ಲ. ಇಂಗ್ಲೆಂಡಿನ ಬರ್ಗ್ಲರಿ ಆಗ ಒಂದು ಕಗ್ಗಂಟು. ರಾತ್ರಿಯೇ ಆಗಬೇಕು, ವಾಸದ ಮನೆಯೇ ಆಗಬೇಕು, ಒಡೆಯಲೂಬೇಕು, ಒಳಗೆ ಬರಲೂಬೇಕು, ಘೋರ ಅಪರಾಧದ ಉದ್ದೇಶವೂ ಇರಬೇಕು. ಒಂದು ಕೊಂಡಿ ಕಳಚಿದರೆ ಬರ್ಗ್ಲರಿ ಅಲ್ಲ. ಇಲ್ಲಿ ಅದನ್ನೆಲ್ಲ ಬಿಡಿಸಿ ಮೆಟ್ಟಿಲು ಮಾಡಿದರು. ಬೇರೆಯವರ ಜಾಗಕ್ಕೆ ನುಗ್ಗಿದರೆ ಒಂದು, ಅದು ಮನೆಯಾದರೆ ಇನ್ನೊಂದು, ಅಡಗಿಕೊಂಡು ಬಂದರೆ ಮತ್ತೊಂದು, ಒಡೆದು ಬಂದರೆ ಅದರ ಮೇಲೊಂದು, ರಾತ್ರಿಯಾದರೆ ಇನ್ನೂ ಮೇಲೆ. ಗೋಡೆ ತೂತಿನ ಉದಾಹರಣೆಯನ್ನು ಮೊದಲೇ ಇಟ್ಟಿದ್ದಾರೆ ನೋಡಿ. ಈ ದೇಶದ ಕಳ್ಳರ ಬಗ್ಗೆ ಅವರಿಗೆ ಚೆನ್ನಾಗಿ ಗೊತ್ತಿತ್ತು ಅಂತ ನನ್ನ ಅನಿಸಿಕೆ.

ಲೆಸ್ಟರ್_ಕನ್ನಡಿಗ
ಮೇಷ್ಟ್ರೇ, ಇಲ್ಲಿ 1968ರ ಥೆಫ್ಟ್ ಆಕ್ಟ್ ಬಂದ ಮೇಲೆ ಒಡೆಯುವ ಮಾತೇ ಹೋಯಿತು. ಬೇರೆಯವರ ಕಟ್ಟಡಕ್ಕೆ ಅನುಮತಿ ಇಲ್ಲದೆ ಕದಿಯಲು ನುಗ್ಗಿದರೆ ಮುಗೀತು. ಬಾಗಿಲು ತೆರೆದಿದ್ದರೂ ಬರ್ಗ್ಲರಿ. ವಾಸದ ಮನೆಯಾದರೆ 14 ವರ್ಷದವರೆಗೆ.

ಹುಳಿಯಾರಿನ_ಹುಡುಗ
ಬರ್ಗರ್‌ಗೂ ಬರ್ಗ್ಲರ್‌ಗೂ ಸಂಬಂಧ ಇದೆಯಾ ಮೇಷ್ಟ್ರೇ? ಊಟದ ಹೊತ್ತು, ಅದಕ್ಕೇ ಕೇಳಿದೆ.

ಇತಿಹಾಸದ_ಮೇಷ್ಟ್ರು
ಇದೆ ಕಣಪ್ಪ. ಹ್ಯಾಂಬರ್ಗ್ ಊರಿಂದ ಹ್ಯಾಂಬರ್ಗರ್, ಅದರ ಬಾಲ ಕತ್ತರಿಸಿ ಬರ್ಗರ್. ಆ ಬರ್ಗ್ ಕೂಡ ಕೋಟೆಯೂರೇ. ಈಗ ಊಟ ಮಾಡು.

ಪಾಲಿಸಿ_ಪ್ರಕಾಶ್
ಇನ್ಶೂರೆನ್ಸ್ ವಿಷಯಕ್ಕೆ ಯಾರೂ ಬರಲೇ ಇಲ್ಲ, ಅಕ್ಕ ಕೇಳಿದ್ದು ಅದೇ ತಾನೇ?

ನಾನು ಏಜೆಂಟ್, ಬೈದರೂ ಪರವಾಗಿಲ್ಲ, ಇರುವುದನ್ನು ಹೇಳುತ್ತೇನೆ. ಪಾಲಿಸಿಯ ಬರ್ಗ್ಲರಿಯೇ ಬೇರೆ, ಪೊಲೀಸರ ಕನ್ನ ಕಳವೇ ಬೇರೆ. ಪಾಲಿಸಿ ಪುಸ್ತಕದ ಮೊದಲ ಪುಟಗಳಲ್ಲಿ ವ್ಯಾಖ್ಯೆ ಅಂತ ಒಂದು ಭಾಗ ಇರುತ್ತೆ, ಅದನ್ನು ಯಾರೂ ಓದಲ್ಲ. ಬಹಳಷ್ಟು ಪಾಲಿಸಿಗಳಲ್ಲಿ ‘ಬಲ ಮತ್ತು ಹಿಂಸೆ ಬಳಸಿ ಆವರಣದ ಒಳಗೆ ಬಂದು ಅಥವಾ ಹೊರಗೆ ಹೋಗಿ ಮಾಡಿದ ಕಳವು’ ಅಂತಲೇ ಇರುತ್ತೆ. ನಷ್ಟ ಅಳೆಯಲು ಕಂಪನಿ ಕಳಿಸುವ ಸರ್ವೇಯರ್ ಬಂದು ಮೊದಲು ನೋಡುವುದೇ ಬಾಗಿಲ ಚೌಕಟ್ಟು. ಮೀಟಿದ ಗುರುತು ಇದೆಯಾ, ಚಿಲಕದ ಸ್ಕ್ರೂ ಕಿತ್ತಿದೆಯಾ, ಕಿಟಕಿ ಸರಳು ಬಗ್ಗಿದೆಯಾ. ಏನೂ ಇಲ್ಲ ಅಂದರೆ ಫೈಲ್ ಅಲ್ಲೇ ಕೂರುತ್ತೆ.

ಕೋರ್ಟಿಗೆ ಹೋದರೆ ನೋಡ್ತೀವಿ ಅನ್ನುವವರಿಗೆ: 2004ರಲ್ಲಿ ಸುಪ್ರೀಂ ಕೋರ್ಟ್ ಹರ್‌ಚಂದ್ ರಾಯ್ ಚಂದನ್ ಲಾಲ್ ಪ್ರಕರಣದಲ್ಲಿ ಇದೇ ಮಾತು ಹೇಳಿದೆ. ಪಾಲಿಸಿಯಲ್ಲಿ ವ್ಯಾಖ್ಯೆ ಬರೆದಿದ್ದರೆ ಅದೇ ಅಂತಿಮ. ನಿಘಂಟಿನ ಅರ್ಥವೋ, ಐಪಿಸಿಯ ಅರ್ಥವೋ ಅದರ ಮೇಲೆ ಕೂರುವಂತಿಲ್ಲ.

ಸುಮಾ_ಬೆಂಗಳೂರು
ಪ್ರಕಾಶ್ ಅವರೇ, ಬೀರು ಒಳಗಿನ ಲಾಕರ್ ಮೀಟಿದ್ದಾರಲ್ಲ. ಬಾಗಿಲು ಬಗ್ಗಿ ಹೋಗಿದೆ, ಫೋಟೊ ಇದೆ, ಮಹಜರಿನಲ್ಲೂ ಬರೆದಿದ್ದಾರೆ. ಅದು ಬಲ ಅಲ್ವಾ?

ಪಾಲಿಸಿ_ಪ್ರಕಾಶ್
ಬಲ ಹೌದು ಅಕ್ಕ, ಆದರೆ ಎಲ್ಲಿ? ಪಾಲಿಸಿ ಕೇಳುವುದು ಆವರಣಕ್ಕೆ ಬರುವಾಗ ಅಥವಾ ಹೋಗುವಾಗ ಬಲ. ಬೀರು ಆವರಣದ ಒಳಗಿತ್ತು. ಕಂಪನಿಯವರು ಹೀಗೆ ವಾದ ಮಾಡುತ್ತಾರೆ.

ಕೋರ್ಟ್_ಹಾಲ್_7
ಇಷ್ಟಕ್ಕೇ ಕೈಬಿಡಬೇಡಿ ಮೇಡಂ. ಎಲ್ಲಾ ಪಾಲಿಸಿಯ ವಾಕ್ಯ ಒಂದೇ ಅಲ್ಲ. ಕೆಲವದರಲ್ಲಿ ‘ಬಲ ಮತ್ತು ಹಿಂಸೆ’ ಅಂತಿರುತ್ತೆ, ಕೆಲವದರಲ್ಲಿ ‘ಹೌಸ್ ಬ್ರೇಕಿಂಗ್’ ಅಂತ ಪ್ರತ್ಯೇಕವಾಗಿ ಇರುತ್ತೆ, ಅದಕ್ಕೆ ಬೇರೆ ವ್ಯಾಖ್ಯೆ ಕೊಟ್ಟಿರಲ್ಲ. ಕೊಟ್ಟಿಲ್ಲ ಅಂದರೆ ಕಾಯಿದೆಯ ಅರ್ಥ ತಗೊಳ್ಳಿ ಅಂತ ಗಟ್ಟಿಯಾಗಿ ಕೇಳಬಹುದು. ನೀವು ಓದಬೇಕಾದ್ದು ಎಫ್‌ಐಆರ್ ಅಲ್ಲ, ಪಾಲಿಸಿಯ ಆ ಒಂದು ಪ್ಯಾರಾ.

ರೇಖಾ_ಪುತ್ತೂರು
ಅಂದರೆ ಕಳ್ಳ ಬಾಗಿಲು ಒಡೆದರೆ ದುಡ್ಡು, ನಾಜೂಕಾಗಿ ತೆಗೆದರೆ ನಷ್ಟ. ಮುಂದಿನ ಸಲ ಬಾಗಿಲ ಮೇಲೆ ಬೋರ್ಡ್ ಹಾಕಬೇಕು: ದಯವಿಟ್ಟು ಒಡೆದು ಬನ್ನಿ.

ಪಾಲಿಸಿ_ಪ್ರಕಾಶ್
ತಮಾಷೆಯಾದರೂ ಕಾರಣ ಇದೆ ರೇಖಾ ಅವರೇ. ಗುರುತಿಲ್ಲದ ಕಳವು ಅಂದರೆ ಮನೆಯವರೇ ಮಾಡಿದ್ದೋ, ನೆಂಟರೋ, ಕೆಲಸದವರೋ ಗೊತ್ತಾಗಲ್ಲ. ಆ ರಿಸ್ಕ್ ಬೇಡ ಅಂತ ಕಂಪನಿ ಮೊದಲೇ ಕಡಿಮೆ ಪ್ರೀಮಿಯಂ ಇಟ್ಟಿರುತ್ತೆ. ಕೆಲವು ಕಡೆ ಹೆಚ್ಚುವರಿ ಪ್ರೀಮಿಯಂ ಕಟ್ಟಿದರೆ ಬರೀ ಕಳವಿಗೂ ರಕ್ಷಣೆ ಸಿಗುತ್ತೆ. ತಿಜೋರಿಗೆ ಇನ್ನೊಂದು ಷರತ್ತು ಇರುತ್ತೆ: ಅದರದೇ ಕೀ ಬಳಸಿ ತೆಗೆದಿದ್ದರೆ ಕೊಡಲ್ಲ, ಕೀಯನ್ನು ಹೊಡೆದೋ ಬೆದರಿಸಿಯೋ ಕಿತ್ತುಕೊಂಡಿದ್ದರೆ ಮಾತ್ರ ಕೊಡುತ್ತಾರೆ.

ರೇಖಾ_ಪುತ್ತೂರು
ಪಾಲಿಸಿ ಮಾರುವಾಗ ಇಷ್ಟು ವಿವರ ಹೇಳಿದ ಏಜೆಂಟ್‌ನನ್ನು ನಾನಂತೂ ನೋಡಿಲ್ಲ. ಆಗ ‘ಎಲ್ಲಾ ಕವರ್ ಆಗುತ್ತೆ ಮೇಡಂ’ ಅಷ್ಟೇ.

ರಂಗಭೂಮಿ_ರಾಜೀವ
ಸಂಧಿ ಅಂದಾಗಲೇ ಶರ್ವಿಲಕ ನೆನಪಾದ. ಇನ್ನೂ ಯಾರೂ ಹೇಳಿಲ್ಲ ಅಂತ ಆಶ್ಚರ್ಯ. ಶೂದ್ರಕನ ಮೃಚ್ಛಕಟಿಕದ ಮೂರನೇ ಅಂಕ ಪೂರ್ತಿ ಕನ್ನದ್ದೇ. ನಮ್ಮ ಹವ್ಯಾಸಿ ತಂಡದಲ್ಲಿ ಆ ಪಾತ್ರ ಮಾಡಿದ್ದೆ, ಅದಕ್ಕೇ ಬಾಯಿಗೆ ಬರುತ್ತೆ.

ಅವನು ಚಾರುದತ್ತನ ಮನೆ ಗೋಡೆ ಮುಂದೆ ನಿಂತು ಮೊದಲು ಯೋಚನೆ ಮಾಡುತ್ತಾನೆ. ನೀರು ಬಿದ್ದು ಮೆತ್ತಗಾದ ಜಾಗ ಎಲ್ಲಿದೆ, ಕೊರೆದರೆ ಸದ್ದಾಗದ ಕಡೆ ಯಾವುದು. ಸುಟ್ಟ ಇಟ್ಟಿಗೆಯಾದರೆ ಎಳೆದು ತೆಗೆಯಬೇಕು, ಹಸಿ ಇಟ್ಟಿಗೆಯಾದರೆ ಕತ್ತರಿಸಬೇಕು, ಮಣ್ಣು ಮುದ್ದೆಯಾದರೆ ನೀರು ಚಿಮುಕಿಸಬೇಕು, ಮರವಾದರೆ ಸೀಳಬೇಕು ಅಂತ ಶಾಸ್ತ್ರ ಹೇಳುತ್ತಾನೆ. ಆಮೇಲೆ ತೂತಿನ ಆಕಾರ! ಅರಳಿದ ಕಮಲ, ಸೂರ್ಯ, ಎಳೆ ಚಂದ್ರ, ಬಾವಿ, ಸ್ವಸ್ತಿಕ, ಪೂರ್ಣಕುಂಭ. ಬೆಳಿಗ್ಗೆ ಊರವರು ನೋಡಿ ಭೇಷ್ ಅನ್ನಬೇಕಲ್ಲ. ಅಳತೆಪಟ್ಟಿ ಮರೆತು ಬಂದಿದ್ದಾನೆ, ಜನಿವಾರದಲ್ಲೇ ಅಳೆಯುತ್ತಾನೆ. ನಡುವೆ ಹಾವು ಕಚ್ಚುತ್ತೆ, ಅದೇ ಜನಿವಾರ ಬೆರಳಿಗೆ ಕಟ್ಟಿಕೊಳ್ಳುತ್ತಾನೆ. ತೂತಾದ ಮೇಲೆ ತಾನು ನುಗ್ಗಲ್ಲ, ಮೊದಲು ಒಂದು ಬೊಂಬೆ ತೂರಿಸಿ ನೋಡುತ್ತಾನೆ. ಒಳಗೆ ಹೋದವನೇ ಬಾಗಿಲು ತೆಗೆದಿಟ್ಟುಕೊಳ್ಳುತ್ತಾನೆ, ಓಡಲು ದಾರಿ ಬೇಕಲ್ಲ. ಹಳೇ ಬಾಗಿಲು ಕಿರ್ ಅನ್ನದ ಹಾಗೆ ಅದಕ್ಕೆ ನೀರು ಚಿಮುಕಿಸುತ್ತಾನೆ.

ಇಷ್ಟೆಲ್ಲಾ ಮಾಡಿದ್ದು ಪ್ರೀತಿಸಿದ ಮದನಿಕೆಯನ್ನು ದಾಸ್ಯದಿಂದ ಬಿಡಿಸಲು. ಒಡವೆಯ ಗಂಟು ಸಿಕ್ಕಿದ್ದು ಹೇಗೆ ಗೊತ್ತಾ? ವಿದೂಷಕ ನಿದ್ದೆಗಣ್ಣಲ್ಲಿ ‘ತಗೋ’ ಅಂತ ಕೈಗೇ ಕೊಟ್ಟುಬಿಡುತ್ತಾನೆ.

ಕೋರ್ಟ್_ಹಾಲ್_7
ಬೊಂಬೆ ತೂರಿಸಿದಾಗಲೇ ಕೇಸ್ ಆಗುತ್ತಾ ಅಂತ ನನ್ನ ಜೂನಿಯರ್ ಜೊತೆ ಈಗ ಚರ್ಚೆ ಶುರುವಾಯ್ತು. ಐಪಿಸಿಯಲ್ಲಿ ದೇಹದ ಯಾವುದೇ ಭಾಗ ಒಳಗೆ ಹೋದರೆ ಸಾಕು. ಬೊಂಬೆ ದೇಹದ ಭಾಗ ಅಲ್ಲ ಅಂತ ನಾನು. ಅದನ್ನು ಹಿಡಿದ ಕೈ ಒಂದು ಅಂಗುಲ ಒಳಗೆ ಹೋಗಿರಲ್ವಾ ಅಂತ ಅವಳು.

ಬಸಣ್ಣ_ಗದಗ
ಬೊಂಬೆ ವಿಷಯ ನಮ್ಮ ಕಡೆಯೂ ಕೇಳಿದ್ದೇನೆ. ಅಜ್ಜ ಹೇಳುತ್ತಿದ್ದರು, ಕನ್ನ ಕೊರೆದ ಮೇಲೆ ಮೊದಲು ಕೋಲಿನ ತುದಿಗೆ ಮಡಕೆ ಸಿಗಿಸಿ ಒಳಗೆ ಚಾಚುತ್ತಿದ್ದರಂತೆ. ಒಳಗೆ ಯಾರಾದರೂ ಎದ್ದು ಒನಕೆ ಹಿಡಿದು ಕೂತಿದ್ದರೆ ಮಡಕೆ ಒಡೆಯುತ್ತೆ, ತಲೆ ಉಳಿಯುತ್ತೆ.

ನಮ್ಮ ಹಳೇ ಮನೆ ಮಣ್ಣಿನ ಗೋಡೆ, ಎರಡು ಮೊಳ ದಪ್ಪ. ಹೊರಗಿಂದ ಕೊರೆಯಲು ರಾತ್ರಿಯೆಲ್ಲ ಬೇಕು. ಹಾಗಾಗಿ ಕಳ್ಳರು ಮಾಳಿಗೆ ಹತ್ತಿ ಬೆಳಕಿಂಡಿಯಿಂದ ಇಳಿಯುತ್ತಿದ್ದರು. ಅದಕ್ಕೇ ಅಡ್ಡ ಕಬ್ಬಿಣದ ಸರಳು ಹಾಕಿಸಿದ್ದು. ಸರಳಿನ ಮೇಲೆ ಹಗ್ಗ ಉಜ್ಜಿದ ಗುರುತು ಒಂದು ಕಡೆ ತೆಳ್ಳಗೆ ಹೊಳೆಯುತ್ತಿತ್ತು. ಕಳ್ಳನ ಹಗ್ಗ ಅಂತ ಅಜ್ಜ, ಅದು ಬುಟ್ಟಿ ಇಳಿಸಿದ ಹಗ್ಗ ಅಂತ ಅಜ್ಜಿ. ಜಗಳ ಕೊನೆತನಕ ಬಗೆಹರಿಯಲಿಲ್ಲ. ಬಂಗಾರ ಬಿಡಿ, ಹಗೇವಿನಿಂದ, ಅಂದರೆ ನೆಲದೊಳಗಿನ ಕಾಳಿನ ಗುಂಡಿಯಿಂದ ಜೋಳ ಕದಿಯುತ್ತಿದ್ದ ಕಾಲ ಅದು.

ಗೀತಾ_ಶಿರಸಿ
ನಮ್ಮಲ್ಲಿ ಹೆಂಚು ಇಳಿಸಿ ಬರುವುದು. ನಾಲ್ಕು ಹೆಂಚು ಜರುಗಿಸಿದರೆ ಆಯ್ತು. ಹೋಗುವಾಗ ವಾಪಸ್ ಜೋಡಿಸಲ್ಲ, ಬೆಳಿಗ್ಗೆ ಮಳೆನೀರು ಹಾಸಿಗೆ ಮೇಲೆ ಬಿದ್ದಾಗಲೇ ಗೊತ್ತಾಗುತ್ತೆ.

ಕೋರ್ಟ್_ಹಾಲ್_7
ಬೆಳಕಿಂಡಿ, ಹೆಂಚು ಎರಡೂ ನಾನು ಹೇಳಿದ ಎರಡನೇ ದಾರಿಯಲ್ಲಿ ಬರುತ್ತವೆ. ಮನುಷ್ಯರು ಓಡಾಡಲು ಮಾಡಿದ್ದಲ್ಲ. ಹಳೇ ಇಂಗ್ಲಿಷ್ ಕಾನೂನಿನಲ್ಲಿ ಚಿಮಣಿಯಲ್ಲಿ ಇಳಿದರೂ ಒಡೆದಂತೆಯೇ. ಚಿಮಣಿಯನ್ನು ಅದಕ್ಕಿಂತ ಹೆಚ್ಚು ಮುಚ್ಚಲು ಆಗಲ್ಲ ಅನ್ನುವುದು ಅವರ ತರ್ಕ.

ಮಂಜು_ಎಚ್ಎಸ್ಆರ್
ಹಗಲು ಕನ್ನ, ರಾತ್ರಿ ಕನ್ನ ಅಂತ ಯಾಕೆ ಬೇರೆ ಬೇರೆ? ಹೋದ ಬಂಗಾರ ಒಂದೇ ತಾನೇ?

ಕೋರ್ಟ್_ಹಾಲ್_7
ಶಿಕ್ಷೆ ಬೇರೆ. ಸೂರ್ಯ ಮುಳುಗಿದ ಮೇಲೆ, ಹುಟ್ಟುವ ಮುಂಚೆ ಆದರೆ ರಾತ್ರಿ. ಆಗ 331(4), ಕಳವಿನ ಉದ್ದೇಶ ಇದ್ದರೆ 14 ವರ್ಷದವರೆಗೆ. ಹಳೇ ಎಫ್‌ಐಆರ್‌ಗಳಲ್ಲಿ 457, 380 ಅಂತ ಜೋಡಿ ನೋಡಿರುತ್ತೀರಿ, ಅದು ರಾತ್ರಿಯದು. 454, 380 ಹಗಲಿನದು. 2024ರ ಜುಲೈ 1ರಿಂದ ನಂಬರ್ ಬದಲಾಯಿತು, ವಿಷಯ ಅದೇ.

ಇತಿಹಾಸದ_ಮೇಷ್ಟ್ರು
ರಾತ್ರಿ ಅಂದರೆ ಯಾವಾಗ ಅನ್ನುವುದಕ್ಕೆ ಇಂಗ್ಲೆಂಡಿನಲ್ಲಿ ದೊಡ್ಡ ಕಥೆಯೇ ಇದೆ. ಮನುಷ್ಯನ ಮುಖ ಗುರುತಿಸುವಷ್ಟು ಹಗಲ ಬೆಳಕಿದ್ದರೆ ರಾತ್ರಿ ಅಲ್ಲ ಅಂತ ಹದಿನೆಂಟನೇ ಶತಮಾನದ ಕಾನೂನು ಪಂಡಿತ ಬ್ಲ್ಯಾಕ್‌ಸ್ಟೋನ್ ಬರೆಯುತ್ತಾನೆ. ಬೆಳದಿಂಗಳ ಬೆಳಕು ಲೆಕ್ಕಕ್ಕಿಲ್ಲ. ಇಲ್ಲದಿದ್ದರೆ ಹುಣ್ಣಿಮೆ ದಿನ ಕದ್ದವರೆಲ್ಲ ಬಚಾವ್. ಕೊನೆಗೆ 1837ರ ಕಾಯಿದೆಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6 ಅಂತ ಗಡಿಯಾರಕ್ಕೆ ಕಟ್ಟಿದರು. ನಮ್ಮಲ್ಲಿ ಸೂರ್ಯನಿಗೇ ಬಿಟ್ಟರು. ಈ ದೇಶಕ್ಕೆ ಅದೇ ಸರಿ.

ಮಂಜು_ಎಚ್ಎಸ್ಆರ್
ರಾತ್ರಿ ಕಳ್ಳ ಬಂದರೆ ನಾವು ಹೊಡೆದರೆ ನಮ್ಮ ಮೇಲೇ ಕೇಸ್. ಇದೇ ನಮ್ಮ ದೇಶ.

ಕೋರ್ಟ್_ಹಾಲ್_7
ಇದು ವಾಟ್ಸಾಪ್ ಕಾನೂನು. ಆತ್ಮರಕ್ಷಣೆಯ ಹಕ್ಕು ಆಸ್ತಿಗೂ ಇದೆ. ಕತ್ತಲಾದ ಮೇಲಿನ ಹೌಸ್ ಬ್ರೇಕಿಂಗ್ ಬಿಎನ್‌ಎಸ್ 41ರಲ್ಲಿ ಹೆಸರಿಸಿಯೇ ಇದೆ, ಮೊದಲು ಐಪಿಸಿ 103 ಇತ್ತು. ಅಂಥ ಸಂದರ್ಭದಲ್ಲಿ ಕಳ್ಳನ ಪ್ರಾಣ ಹೋದರೂ ಆ ಹಕ್ಕಿನ ಒಳಗೇ ಬರಬಹುದು. ಆದರೆ ಅವನು ಮನೆಯೊಳಗಿರುವ ತನಕ ಮಾತ್ರ, ಮತ್ತು ಬೇಕಾದಷ್ಟೇ ಬಲ. ಓಡಿಹೋಗುವವನನ್ನು ಅಟ್ಟಿಸಿ ಹಿಡಿದು, ಕಂಬಕ್ಕೆ ಕಟ್ಟಿ ಬಡಿದರೆ ಅದು ರಕ್ಷಣೆ ಅಲ್ಲ. ನಿಮ್ಮ ಮೇಲೆ ಕೇಸ್ ಬರುವುದು ಅದಕ್ಕೆ.

ಮಂಜು_ಎಚ್ಎಸ್ಆರ್
ರಾತ್ರಿ ಎರಡು ಗಂಟೆಗೆ ಬೇಕಾದಷ್ಟೇ ಬಲ ಅಂತ ಅಳೆಯುವುದು ಹೇಗೆ ಸ್ವಾಮಿ? ಜನಿವಾರದಲ್ಲಾ?

ರಂಗಭೂಮಿ_ರಾಜೀವ
😂😂

ಕೋರ್ಟ್_ಹಾಲ್_7
ಕೋರ್ಟ್ ಕೂಡ ಚಿನ್ನದ ತಕ್ಕಡಿ ಹಿಡಿದು ತೂಗಲ್ಲ ಮಂಜು. ಗಾಬರಿಯಲ್ಲಿ ಮನುಷ್ಯ ಏನು ಮಾಡುತ್ತಾನೆ ಅನ್ನುವುದಕ್ಕೆ ಜಾಗ ಕೊಡುತ್ತೆ.

ಬೇ_ಏರಿಯಾ_ವಿನಯ್
ಕ್ಯಾಲಿಫೋರ್ನಿಯಾದಲ್ಲಿ ಇನ್ನೊಂದು ಫಜೀತಿ ಇತ್ತು. ಕಾರಿಗೂ ಬರ್ಗ್ಲರಿ ಅನ್ವಯ ಆಗುತ್ತೆ, ಆದರೆ ಬಾಗಿಲು ಲಾಕ್ ಆಗಿತ್ತು ಅಂತ ಸಾಬೀತು ಮಾಡಬೇಕಿತ್ತು. ಗಾಜು ಪುಡಿಪುಡಿ ಆಗಿ ರಸ್ತೆ ಮೇಲೆ ಬಿದ್ದಿದ್ದರೂ ‘ಲಾಕ್ ಮಾಡಿದ್ದು ನೆನಪಿದೆಯಾ?’ ಅನ್ನುವ ಪ್ರಶ್ನೆ. ಬಾಡಿಗೆ ಕಾರಿನಲ್ಲಿ ಬಂದ ಪ್ರವಾಸಿ ಊರಿಗೆ ಹೋಗಿಬಿಟ್ಟರೆ ಸಾಕ್ಷಿ ಹೇಳುವವರು ಯಾರು? 2024ರಲ್ಲಿ ಹೊಸ ಕಾಯಿದೆ ಮಾಡಿ ಅದನ್ನು ಸರಿಪಡಿಸಿದರು.

ಹುಳಿಯಾರಿನ_ಹುಡುಗ
ಊಟ ಆಯ್ತು. ಪೇಪರ್‌ನವರು ಯಾವಾಗಲೂ ‘ಖದೀಮರು ಎಟಿಎಂಗೆ ಕನ್ನ’ ಅಂತ ಬರೆಯುತ್ತಾರಲ್ಲ, ಖದೀಮ ಅಂದರೆ ಕಳ್ಳನೇ?

ನಿಘಂಟು_ನಾಗಣ್ಣ
ಅರಬ್ಬಿ ಮೂಲದ ಪದ, ಉರ್ದುವಿನಿಂದ ಬಂತು. ಕದೀಮ್ ಅಂದರೆ ಹಳೆಯ. ಖದೀಮ ಕಳ್ಳ ಅಂದರೆ ಕದ್ದೂ ಕದ್ದೂ ಪಳಗಿದವನು. ಕಳ್ಳ ಬಿಟ್ಟುಹೋಗಿ ಖದೀಮ ಮಾತ್ರ ಉಳಿಯಿತು. ಈಗ ಹೆಡ್‌ಲೈನಿನಲ್ಲಿ ಮೊದಲ ಸಲ ಕದ್ದವನೂ ಖದೀಮನೇ.

ಶ್ರೀವತ್ಸ_ಕೆ
ಇದಕ್ಕೆ ಮಾತ್ರ ಅರಬ್ಬಿ ಒಪ್ಪಿದಿರಿ. ಕರ್ಣ ಅಂದರೆ ಆಗಲ್ಲ.

ನಿಘಂಟು_ನಾಗಣ್ಣ
ಪುರಾವೆ ತನ್ನಿ, ಒಪ್ಪುತ್ತೇನೆ.

ಗೀತಾ_ಶಿರಸಿ
ಪೊಲೀಸರೇ ಬಾಗಿಲು ಒಡೆದು ಬಂದರೆ? ಅದೂ ಬ್ರೇಕಿಂಗ್ ಅಲ್ವಾ?

ಇತಿಹಾಸದ_ಮೇಷ್ಟ್ರು
ಒಬ್ಬೊಬ್ಬನ ಮನೆ ಅವನಿಗೆ ಕೋಟೆ ಅನ್ನುವ ಮಾತು ಪ್ರಸಿದ್ಧವಾಗಿದ್ದೇ ಇಂಥ ಕೇಸಿನಲ್ಲಿ. 1604, ಸೆಮೇನ್ ಪ್ರಕರಣ. ರಾಜನ ಕೆಲಸಕ್ಕೆ ಬಂದ ಅಧಿಕಾರಿ ಬಾಗಿಲು ಒಡೆಯಬಹುದು, ಆದರೆ ಮೊದಲು ಬಂದ ಕಾರಣ ಹೇಳಿ ತೆಗೆಯಿರಿ ಅಂತ ಕೇಳಬೇಕು ಅಂತ ತೀರ್ಮಾನ.

ಕೋರ್ಟ್_ಹಾಲ್_7
ನಮ್ಮಲ್ಲಿ ಬಂಧನ, ತನಿಖೆಯ ಕ್ರಮ ಹೇಳುವ ಕಾಯಿದೆಯಲ್ಲಿದೆ: ಈಗ ಬಿಎನ್‌ಎಸ್‌ಎಸ್ 44, ಮೊದಲು ಸಿಆರ್‌ಪಿಸಿ 47. ಬಂಧಿಸಬೇಕಾದವನು ಒಳಗಿದ್ದಾನೆ ಅಂತ ನಂಬಲು ಕಾರಣ ಇದ್ದು, ಕೇಳಿದರೂ ಬಾಗಿಲು ತೆಗೆಯದಿದ್ದರೆ ಒಡೆಯಬಹುದು. ಒಳಗೆ ಹೋದ ಪೊಲೀಸರನ್ನು ಯಾರಾದರೂ ಕೂಡಿ ಹಾಕಿದರೆ ಹೊರಗೆ ಬರಲೂ ಒಡೆಯಬಹುದು. ಅದನ್ನೂ ಬರೆದಿಟ್ಟಿದ್ದಾರೆ!

ಸುಮಾ_ಬೆಂಗಳೂರು
ಪಾಲಿಸಿ ತೆಗೆದು ಓದಿದೆ. ‘ಬರ್ಗ್ಲರಿ ಮತ್ತು/ಅಥವಾ ಹೌಸ್ ಬ್ರೇಕಿಂಗ್’ ಅಂತ ಶೀರ್ಷಿಕೆ ಇದೆ. ವ್ಯಾಖ್ಯೆಯಲ್ಲಿ ಬರ್ಗ್ಲರಿಗೆ ಮಾತ್ರ ‘ಬಲ ಮತ್ತು ಹಿಂಸೆ’ ಅಂತ ಬರೆದಿದ್ದಾರೆ. ಹೌಸ್ ಬ್ರೇಕಿಂಗ್‌ಗೆ ವ್ಯಾಖ್ಯೆಯೇ ಇಲ್ಲ. ಮೂರು ಸಲ ಹುಡುಕಿದೆವು, ನಮ್ಮವರು ಕನ್ನಡಕ ಹಾಕಿಕೊಂಡೂ ಹುಡುಕಿದರು.

ಕೋರ್ಟ್_ಹಾಲ್_7
ಇದೇ ನಿಮಗೆ ಬೇಕಾಗಿದ್ದು. ಪ್ರಕಾಶ್ ಹೇಳಿದ ತೀರ್ಪಿನಲ್ಲಿ ಪಾಲಿಸಿಯೇ ವ್ಯಾಖ್ಯೆ ಕೊಟ್ಟಿತ್ತು. ನಿಮ್ಮದರಲ್ಲಿ ಹೌಸ್ ಬ್ರೇಕಿಂಗ್‌ಗೆ ಕೊಟ್ಟಿಲ್ಲ. ಗೆದ್ದೇ ಗೆಲ್ಲುತ್ತೀರಿ ಅಂತ ಹೇಳಲ್ಲ, ಆದರೆ ವಾದಕ್ಕೆ ಕಾಲೂರಲು ಜಾಗ ಇದೆ. ಮೊದಲು ಕಂಪನಿಯ ದೂರು ವಿಭಾಗಕ್ಕೆ ಬರೆಯಿರಿ. ಕಳೆದ ಕೀಯ ಆ ಉದಾಹರಣೆಯನ್ನು ಅಕ್ಷರಶಃ ಹಾಕಿ. ಎಫ್‌ಐಆರ್, ಮಹಜರು, ಲಾಕರ್ ಫೋಟೊ, ಎದುರುಮನೆ ಕ್ಯಾಮೆರಾ ವಿಡಿಯೊ ಲಗತ್ತಿಸಿ.

ಪಾಲಿಸಿ_ಪ್ರಕಾಶ್
ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಸರಿ ಕಾಣದಿದ್ದರೆ ವಿಮಾ ಓಂಬುಡ್ಸ್‌ಮನ್, ಅಂದರೆ ವಿಮೆ ದೂರು ಬಗೆಹರಿಸುವ ಅಧಿಕಾರಿ ಹತ್ತಿರ ಹೋಗಿ. ಬೆಂಗಳೂರಲ್ಲೇ ಕಚೇರಿ ಇದೆ. ಫೀಸಿಲ್ಲ, ವಕೀಲರೂ ಬೇಕಿಲ್ಲ. ಆದರೆ ಒಂದು ವರ್ಷದ ಒಳಗೆ ಹೋಗಬೇಕು. ಪೊಲೀಸರು ಪತ್ತೆಯಾಗಿಲ್ಲ ಅಂತ ‘ಸಿ’ ರಿಪೋರ್ಟ್ ಹಾಕಿದರೆ ಅದರ ನಕಲೂ ತಗೊಂಡಿಡಿ, ಕಂಪನಿ ಕೇಳೇ ಕೇಳುತ್ತೆ.

ರೇಖಾ_ಪುತ್ತೂರು
ಪ್ರಕಾಶ್ ಅವರೇ, ನೀವು ಯಾವ ಕಂಪನಿ? ಪರ್ಸನಲ್ ಮೆಸೇಜ್ ಮಾಡಿ, ನನ್ನ ಪಾಲಿಸಿ ಮುಂದಿನ ತಿಂಗಳು ಮುಗಿಯುತ್ತೆ.

ಮಂಜು_ಎಚ್ಎಸ್ಆರ್
ಕೊನೆಗೂ ಬಿಸಿನೆಸ್ ಆಯ್ತು.

ನನ್ನದೂ ಒಂದು ಪ್ರಶ್ನೆ. ಸ್ಕೂಟರ್ ಸೀಟ್ ಮೀಟಿ ಒಳಗಿದ್ದ ಪರ್ಸ್ ತಗೊಂಡು ಹೋದರು. ಇದೂ ಕನ್ನ ಕಳವಾ?

ಕೋರ್ಟ್_ಹಾಲ್_7
ಅಲ್ಲ. ಸ್ಕೂಟರ್ ಮನೆ ಅಲ್ಲ. ಡೇರೆ, ಹಡಗು ಕೂಡ ಜನ ವಾಸವಿದ್ದರೆ ಮನೆ ಲೆಕ್ಕ, ಸ್ಕೂಟರ್ ಸೀಟಿನ ಕೆಳಗೆ ಯಾರೂ ವಾಸ ಮಾಡಲ್ಲ. ಅದು ಕಳವು, 303. ಮುಚ್ಚಿಟ್ಟ ಪೆಟ್ಟಿಗೆಯಂಥದ್ದನ್ನು ಒಡೆದು ತೆಗೆದದ್ದಕ್ಕೆ 334 ಕೂಡ ಸೇರಿಸಿ ಅಂತ ಕೇಳಿ. ಪರ್ಸಿನಲ್ಲಿ ಡಿಎಲ್ ಇದ್ದರೆ ದೂರಿನಲ್ಲಿ ಅದನ್ನೂ ಬರೆಸಿ, ಡೂಪ್ಲಿಕೇಟ್ ತಗೊಳ್ಳುವಾಗ ಬೇಕಾಗುತ್ತೆ.

ಮಂಜು_ಎಚ್ಎಸ್ಆರ್
ಡಿಎಲ್ ಇತ್ತು, ಬರೆಸಿಲ್ಲ. ನಾಳೆ ಮತ್ತೆ ಠಾಣೆಗೆ ಹೋಗಬೇಕು.